ಅವ್ವನ ಮೊಣಕಾಲು, ನಿಮ್ಮ ಮೊಬೈಲು: ಸೇಡಂನಿಂದ ಚಿಂಚೋಳಿವರೆಗೆ ಆನ್‌ಲೈನ್ ಫಿಸಿಯೋಥೆರಪಿ

"ಮೊಣಕಾಲು ಹೆಂಗದಾವ ಅವ್ವ?"

"ಅದಾವಪ್ಪ, ಹಂಗೇ ಅದಾವ. ನೀ ಉಂಡೇನು?"

ಬೆಂಗಳೂರು, ಹೈದರಾಬಾದ್, ಪುಣೆಯಲ್ಲಿ ಕೆಲಸ. ಊರು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಅಥವಾ ಚಿಂಚೋಳಿ ಕಡೆ. ಹಾಗಿದ್ದರೆ ಈ ಮಾತು ನಿಮಗೆ ಹೊಸದಲ್ಲ. ಎರಡೇ ವಾಕ್ಯದಲ್ಲಿ ಅವರು ವಿಷಯ ಬದಲಿಸಿಬಿಡುತ್ತಾರೆ, ನಾವೂ ಬಿಟ್ಟುಬಿಡುತ್ತೇವೆ. ಆದರೆ "ಹಂಗೇ ಅದಾವ" ಅನ್ನುವುದರ ಹಿಂದೆ ಬಹಳ ಇರುತ್ತದೆ. ಮಾಳಿಗೆ ಹತ್ತುವುದು ನಿಂತಿದೆ. ಮದುವೆಗೆ ಹೋದರೆ ಪಂಕ್ತಿಯಲ್ಲಿ ಕೂರುವುದಿಲ್ಲ. ಬಸ್ಸಿನ ಮೊದಲ ಮೆಟ್ಟಿಲು ಗುಡ್ಡದ ಹಾಗೆ ಕಾಣುತ್ತದೆ. ರಾತ್ರಿ ಬಚ್ಚಲಿಗೆ ಏಳಬೇಕಾಗುತ್ತದೆ ಎಂದು ಸಂಜೆಯಿಂದಲೇ ನೀರು ಕುಡಿಯುವುದು ಕಡಿಮೆಯಾಗಿದೆ. ಇವ್ಯಾವೂ ಫೋನಿನಲ್ಲಿ ಹೇಳುವ ಮಾತಲ್ಲ.

ಈ ನೋವಿನ ವೈದ್ಯಕೀಯ ಹೆಸರು ಆಸ್ಟಿಯೋ ಆರ್ಥ್ರೈಟಿಸ್. ನಾವು ಸಾಮಾನ್ಯವಾಗಿ "ಸವಕಳಿ" ಅನ್ನುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನಲ್ಲಿ 52.8 ಕೋಟಿ ಜನರಿಗೆ ಈ ತೊಂದರೆ ಇತ್ತು. ಅದರಲ್ಲಿ 36.5 ಕೋಟಿ ಜನರಿಗೆ ಬಾಧಿಸಿದ್ದು ಮೊಣಕಾಲಿನಲ್ಲೇ. ಹತ್ತು ಜನರಲ್ಲಿ ಆರು ಮಂದಿ ಹೆಂಗಸರು. ಭಾರತದ ಐದು ಕಡೆ ನಡೆಸಿ 2016ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ ಪರೀಕ್ಷಿಸಿದವರ ಪೈಕಿ ಶೇ 28.7 ಜನರಲ್ಲಿ ಮೊಣಕಾಲಿನ ಸವಕಳಿ ಕಂಡುಬಂದಿತ್ತು.

ಇದಕ್ಕೆ ಮೊದಲ ಚಿಕಿತ್ಸೆ ಇಂಜೆಕ್ಷನ್ನೂ ಅಲ್ಲ, ಆಪರೇಷನ್ನೂ ಅಲ್ಲ. ಸರಿಯಾದ ವ್ಯಾಯಾಮ, ತೂಕದ ನಿಯಂತ್ರಣ ಮತ್ತು ಕಾಯಿಲೆಯ ಬಗ್ಗೆ ಸರಿಯಾದ ತಿಳಿವಳಿಕೆ. ಈ ಮೂರನ್ನೂ ವಿಡಿಯೊ ಕಾಲ್ ಮೂಲಕ ಕೊಡಬಹುದು ಎನ್ನುವುದಕ್ಕೆ ಈಗ ಗಟ್ಟಿ ಆಧಾರ ಇದೆ.

ನಮ್ಮ ಕಡೆ ಮೊಣಕಾಲಿಗೆ ಯಾಕೆ ಇಷ್ಟು ಭಾರ?

ಈ ಐದೂ ಊರುಗಳ ಸುತ್ತ ಇರುವುದು ಸುಣ್ಣದ ಕಲ್ಲು ಮತ್ತು ತೊಗರಿ ಹೊಲ. ಶಹಾಬಾದ್ ಕಲ್ಲು ಎಷ್ಟೋ ಊರಿನ ಮನೆಗಳ ನೆಲವಾಗಿದೆ. ವಾಡಿ, ಸೇಡಂ, ಮಳಖೇಡದಲ್ಲಿ ಸಿಮೆಂಟ್ ಕಾರ್ಖಾನೆಗಳಿವೆ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಸಿಕ್ಕಿತು. ಕಲ್ಲಿನ ಖಣಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಒಡೆಯುವವರು, ಫರಸಿ ಎತ್ತಿ ಲಾರಿಗೆ ಹಾಕುವವರು, ತೊಗರಿಯ ಸಾಲಿನಲ್ಲಿ ಕೂತಲ್ಲೇ ಸರಿಯುತ್ತಾ ಕಳೆ ತೆಗೆಯುವವರು, ಇವರೆಲ್ಲರ ಭಾರ ಬೀಳುವುದು ಮೊಣಕಾಲಿನ ಮೇಲೆ. ಹೊಲಕ್ಕೆ ಹೋಗದ ಅವ್ವ ಕೂಡ ನೆಲದ ಒಲೆಯ ಮುಂದೆ ಕೂತು ರೊಟ್ಟಿ ಬಡಿದವಳೇ, ಕೂತೇ ಬಟ್ಟೆ ಒಗೆದವಳೇ.

ಬೀಜಿಂಗ್‌ನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ಹೇಳಿತು. ಎಳೆ ವಯಸ್ಸಿನಲ್ಲಿ ದಿನಕ್ಕೆ ಗಂಟೆಗಟ್ಟಲೆ ಕುಕ್ಕರುಗಾಲಲ್ಲಿ ಕೂರುತ್ತಿದ್ದವರಲ್ಲಿ ಮುಂದೆ ಮೊಣಕಾಲಿನ ಸವಕಳಿ ಹೆಚ್ಚಾಗಿ ಕಾಣಿಸಿತ್ತು. ಹಾಗೆಂದು ನೆಲದ ಮೇಲೆ ಕೂರುವುದೇ ತಪ್ಪು ಎಂದಲ್ಲ. ಭಾರ, ಹೊತ್ತು, ವಯಸ್ಸು, ತೂಕ, ಹಳೆಯ ಪೆಟ್ಟು, ಮನೆತನದ ಗುಣ, ಎಲ್ಲ ಸೇರಿ ಆಗುವ ಲೆಕ್ಕ ಇದು.

ಕಲ್ಲು ಸವೆದ ಹಾಗಲ್ಲ

"ಸವದ್ ಹೋಗ್ಯಾವ, ಇನ್ನು ಅಡ್ಡಾಡಿದ್ರ ಮತ್ತಿಷ್ಟು ಸವೀತಾವ." ಮನೆಮನೆಯಲ್ಲೂ ಕೇಳುವ ಮಾತು. ದೊಡ್ಡ ತೊಂದರೆ ಮಾಡುವ ಮಾತೂ ಇದೇ.

ಫರಸಿ ಕಲ್ಲು ತುಳಿದಷ್ಟೂ ಸವೆಯುತ್ತದೆ, ನಿಜ. ಆದರೆ ಕೀಲಿನೊಳಗಿನ ಮೃದ್ವಸ್ಥಿ ಜೀವ ಇರುವ ಪದರ. ಅದಕ್ಕೆ ನೇರವಾಗಿ ರಕ್ತನಾಳ ಇಲ್ಲ. ಕಾಲು ಮಡಚಿ, ಚಾಚಿ, ಭಾರ ಬಿದ್ದು, ಬಿಟ್ಟಾಗ ಕೀಲಿನ ದ್ರವ ಒಳಗೆ ಹೊರಗೆ ಆಡುತ್ತದೆ. ಅದಕ್ಕೆ ಪೋಷಣೆ ಸಿಗುವುದೇ ಹಾಗೆ. ಅಲ್ಲಾಡಿಸದೆ ಇಟ್ಟರೆ ಪೋಷಣೆ ಕಡಿಮೆಯಾಗುತ್ತದೆ, ತೊಡೆಯ ಮುಂಭಾಗದ ಸ್ನಾಯು ಬಡವಾಗುತ್ತದೆ. ಆ ಸ್ನಾಯು ಹೊರಬೇಕಾದ ಭಾರವೂ ಕೀಲಿನ ಮೇಲೆ ಬೀಳುತ್ತದೆ. ಆಗ ನೋವು ಹೆಚ್ಚು, ನಡಿಗೆ ಕಡಿಮೆ, ಸ್ನಾಯು ಇನ್ನಷ್ಟು ಬಡವು. ಈ ಸುತ್ತನ್ನು ಎಲ್ಲಾದರೂ ಮುರಿಯಬೇಕಲ್ಲ, ಅದಕ್ಕೇ ವ್ಯಾಯಾಮ.

ಇನ್ನೊಂದು ವಿಷಯ. ಎಕ್ಸ್‌ರೇಯಲ್ಲಿ ಸವಕಳಿ ಜಾಸ್ತಿ ಕಂಡವರಿಗೆ ನೋವೇ ಇಲ್ಲದಿರಬಹುದು, ಸ್ವಲ್ಪ ಕಂಡವರಿಗೆ ಬಹಳ ನೋವಿರಬಹುದು. ಅದಕ್ಕೇ ಬ್ರಿಟನ್ನಿನ 2022ರ ವೈದ್ಯಕೀಯ ಮಾರ್ಗಸೂಚಿ ಹೀಗೆ ಹೇಳುತ್ತದೆ: ವಯಸ್ಸು 45 ದಾಟಿದ್ದು, ಓಡಾಡಿದಾಗ ನೋವಿದ್ದು, ಬೆಳಗಿನ ಬಿಗಿತ ಇಲ್ಲದಿದ್ದರೆ ಅಥವಾ ಅರ್ಧ ಗಂಟೆಯೊಳಗೆ ಸಡಿಲಾಗುತ್ತಿದ್ದರೆ, ಪತ್ತೆಗೆ ಎಕ್ಸ್‌ರೇ ಮಾಡಿಸಲೇಬೇಕೆಂದಿಲ್ಲ. "ಗ್ಯಾಪ್ ಹೋಗಿದೆ" ಎಂಬ ಒಂದು ಫಿಲ್ಮ್ ನೋಡಿ ಮನೆಯವರೆಲ್ಲ ಧೈರ್ಯ ಕಳೆದುಕೊಳ್ಳಬೇಕಾಗಿಲ್ಲ.

ಫೋನಿನಲ್ಲಿ ಫಿಸಿಯೋಥೆರಪಿ, ನಿಜವಾಗಿ ಆಗ್ತದಾ?

ಈ ಪ್ರಶ್ನೆಗೆ ನೇರ ಉತ್ತರ ಕೊಟ್ಟ ಅಧ್ಯಯನ 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಆಸ್ಟ್ರೇಲಿಯಾದ 394 ಜನ, ಎಲ್ಲರೂ 45 ದಾಟಿದವರು, ಬಹುಕಾಲದ ಮೊಣಕಾಲು ನೋವಿನವರು. ಅರ್ಧ ಜನ ಫಿಸಿಯೋಥೆರಪಿಸ್ಟರನ್ನು ಎದುರಿಗೇ ಕಂಡರು, ಉಳಿದವರು ವಿಡಿಯೊ ಕಾಲ್‌ನಲ್ಲಿ. ಎರಡೂ ಗುಂಪಿಗೆ ಮೂರು ತಿಂಗಳಲ್ಲಿ ಐದೇ ಭೇಟಿ, ಜೊತೆಗೆ ಮನೆಯಲ್ಲಿ ಮಾಡುವ ವ್ಯಾಯಾಮ. ಕೊನೆಗೆ ನೋಡಿದರೆ ಹತ್ತು ಅಂಕದ ಅಳತೆಯಲ್ಲಿ ಎರಡೂ ಗುಂಪಿನ ನೋವು ಸುಮಾರು ಮೂರು ಅಂಕ ಇಳಿದಿತ್ತು. ವಿಡಿಯೊ ಗುಂಪು ಹಿಂದೆ ಬೀಳಲಿಲ್ಲ. ಇದಕ್ಕೂ ಮುಂಚೆ, 2021ರಲ್ಲಿ, ಅದೇ ದೇಶದ 206 ಜನರ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ ಒಂದು ವೆಬ್‌ಸೈಟ್ ಮತ್ತು ಮೊಬೈಲಿಗೆ ಬರುವ ನೆನಪಿನ ಸಂದೇಶಗಳಿಂದಲೇ 24 ವಾರಗಳಲ್ಲಿ ನೋವು ಕಡಿಮೆಯಾಗಿ ಓಡಾಟ ಸುಧಾರಿಸಿದ್ದು ಕಂಡಿತ್ತು.

ಹಾಗೆಂದು ಇದು ಪವಾಡ ಅಲ್ಲ. 2024ರ ಕೊನೆಗೆ ಬಂದ ಕಾಕ್ರೇನ್ ವಿಮರ್ಶೆ ಮೊಣಕಾಲಿನ ವ್ಯಾಯಾಮದ ಮೇಲಿನ 139 ಅಧ್ಯಯನಗಳನ್ನು ಒಟ್ಟಿಗೆ ನೋಡಿತು. ತೋರಿಕೆಯ ಚಿಕಿತ್ಸೆಗೆ ಹೋಲಿಸಿದರೆ ನೂರು ಅಂಕದ ಅಳತೆಯಲ್ಲಿ ವ್ಯಾಯಾಮದ ಹೆಚ್ಚುವರಿ ಲಾಭ ಸರಾಸರಿ ಎಂಟೊಂಬತ್ತು ಅಂಕ. ಅಂದರೆ ನೋವು ಮಾಯ ಆಗುವುದಿಲ್ಲ. ಆದರೆ ಎಂಟೊಂಬತ್ತು ಅಂಕ ಕೆಲವರಿಗೆ "ಮೆಟ್ಟಿಲು ಹತ್ತಲ್ಲ" ಮತ್ತು "ಕಂಬಿ ಹಿಡ್ಕೊಂಡು ಹತ್ತೀನಿ" ಎಂಬುದರ ನಡುವಿನ ಅಂತರವಾಗಬಹುದು. ಹೊಟ್ಟೆ, ಕಿಡ್ನಿಗೆ ಹೊರೆಯೂ ಇಲ್ಲ.

ನಮ್ಮ ಭಾಗಕ್ಕೆ ಇದು ಯಾಕೆ ಮುಖ್ಯ ಎಂದರೆ ದಾರಿ. ಶಹಾಬಾದ್, ವಾಡಿ ಮುಂಬೈ-ಚೆನ್ನೈ ರೈಲು ಮಾರ್ಗದಲ್ಲಿವೆ. ಚಿತ್ತಾಪುರ, ಸೇಡಂ ವಾಡಿ-ಸಿಕಂದರಾಬಾದ್ ಮಾರ್ಗದಲ್ಲಿವೆ. ಚಿಂಚೋಳಿಗೆ ರೈಲೇ ಇಲ್ಲ, ಕಲಬುರಗಿಗೆ 80 ಕಿ.ಮೀ. ಆಸುಪಾಸು ರಸ್ತೆ ದಾರಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಅವ್ವನಿಗೆ ಬಸ್ ಟಿಕೆಟ್ ಉಚಿತ. ಆದರೆ ಬಸ್ಸಿನ ಮೆಟ್ಟಿಲು, ನಿಂತು ಹೋಗುವ ಹೊತ್ತು, ಕಾಯುವ ಬೆಂಚು, ಜೊತೆಗೆ ಬರುವವರ ಒಂದು ದಿನದ ಕೂಲಿ ಉಚಿತವಲ್ಲ. ಮೊಣಕಾಲು ನೋವಿನವರನ್ನು ಮೊಣಕಾಲಿನ ಚಿಕಿತ್ಸೆಗಾಗಿ ವಾರವಾರ ಅಷ್ಟು ದೂರ ಒಯ್ಯುವುದೇ ವಿಚಿತ್ರ. ಎರಡು ಸಲ ಹೋಗಿ ಮೂರನೇ ಸಲ ಬಿಡುವವರೇ ಹೆಚ್ಚು.

ಮೊದಲ ಕಾಲ್‌ಗೆ ಮುಂಚೆ

ಮೊದಲು ಒಂದು ಸಲ ವೈದ್ಯರಿಗೆ ಎದುರಿಗೇ ತೋರಿಸುವುದು ಒಳ್ಳೆಯದು. ತಾಲ್ಲೂಕು ಆಸ್ಪತ್ರೆಯಾದರೂ ಸರಿ, ಕಲಬುರಗಿಯ ಜಿಮ್ಸ್ ಆದರೂ ಸರಿ, ಕಾರ್ಖಾನೆಯ ವಿಮೆ ಇದ್ದವರಿಗೆ ಇಎಸ್ಐಸಿ ಆಸ್ಪತ್ರೆಯಾದರೂ ಸರಿ. ಇದು ಸವಕಳಿಯೇ, ಬೇರೆ ಬಗೆಯ ಸಂಧಿವಾತವೇ, ಬಿಪಿ, ಸಕ್ಕರೆ, ಹೃದಯದ ತೊಂದರೆ ಇದೆಯೇ ಎಂಬುದು ಗೊತ್ತಾಗಲಿ.

ಅಷ್ಟು ದೂರ ಹೋಗಲು ಸದ್ಯಕ್ಕೆ ಆಗದಿದ್ದರೆ ಕೇಂದ್ರ ಸರ್ಕಾರದ ಇ-ಸಂಜೀವಿನಿ ಇದೆ. 2020ರ ಏಪ್ರಿಲ್‌ನಿಂದ ರೋಗಿಗಳು ನೇರವಾಗಿ ಮನೆಯಿಂದಲೇ ವೈದ್ಯರ ಜೊತೆ ಉಚಿತವಾಗಿ ಮಾತಾಡಬಹುದು. ಫೋನ್ ಬಳಸಲು ಬಾರದವರಿಗೆ ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿ ಅಲ್ಲಿಂದಲೇ ವೈದ್ಯರನ್ನು ಸಂಪರ್ಕಿಸಿ ಕೊಡುವ ವ್ಯವಸ್ಥೆಯೂ ಇದೆ. ಇದು ವೈದ್ಯರ ಸಲಹೆ ಅಷ್ಟೇ. ವಾರವಾರದ ವ್ಯಾಯಾಮಕ್ಕೆ ಫಿಸಿಯೋಥೆರಪಿಸ್ಟ್ ಬೇರೆಯೇ ಬೇಕು.

ಫಿಸಿಯೋಥೆರಪಿಸ್ಟ್ ಹುಡುಕುವಾಗ ಇಷ್ಟು ಕೇಳಿ:

- ಬಿ.ಪಿ.ಟಿ. ಅಥವಾ ಎಂ.ಪಿ.ಟಿ. ಓದಿದವರೇ? 
- ಕನ್ನಡ, ಬೇಕಾದರೆ ಉರ್ದು ಅಥವಾ ತೆಲುಗು ಬರುತ್ತದೆಯೇ? "ಮೊಣಕಾಲು ಸೆಳೀತಾವ", "ಹಿಡ್ಕೊಂಡಾವ", "ಕಟ್ ಕಟ್ ಅಂತಾವ" ಅನ್ನುವ ಮಾತಿನ ವ್ಯತ್ಯಾಸ ತಿಳಿಯಬೇಕು.
- ಅವ್ವನಿಗೆ ಸಂಕೋಚ ಇದ್ದರೆ ಮಹಿಳಾ ಫಿಸಿಯೋಥೆರಪಿಸ್ಟ್ ಸಿಗುತ್ತಾರೆಯೇ? ಸೀರೆ ಮೊಣಕಾಲಿನ ಮೇಲೆ ಸರಿಸಿ ತೋರಿಸಬೇಕಾಗುತ್ತದೆ. ಇದು ಸಣ್ಣ ವಿಷಯ ಅಲ್ಲ.
- ಪ್ರತಿ ಸಲ ಅದೇ ವ್ಯಕ್ತಿ ಇರುತ್ತಾರೆಯೇ, ಅಥವಾ ರೆಕಾರ್ಡ್ ಮಾಡಿದ ವಿಡಿಯೊ ಕಳಿಸಿ ಕೈತೊಳೆದುಕೊಳ್ಳುತ್ತಾರೆಯೇ?

ಮನೆಯಲ್ಲಿ ತಯಾರಿ

ಫೋನನ್ನು ಕೈಯಲ್ಲಿ ಹಿಡಿಯಬೇಡಿ, ಕುರ್ಚಿಯಷ್ಟು ಎತ್ತರದಲ್ಲಿ ಅಡ್ಡಡ್ಡ ಇಡಿ. ಆರೇಳು ಅಡಿ ದೂರದಿಂದ ತಲೆಯಿಂದ ಪಾದದವರೆಗೆ ಕಾಣಬೇಕು. ಬೆಳಕು ಫೋನಿನ ಹಿಂದಿನಿಂದ ಬರಲಿ, ಕಿಟಕಿಗೆ ಬೆನ್ನು ಮಾಡಿ ಕೂತರೆ ಅವ್ವ ಬರೀ ನೆರಳಾಗಿ ಕಾಣುತ್ತಾಳೆ. ನೆಟ್‌ವರ್ಕ್ ಮನೆಯ ಯಾವ ಮೂಲೆಯಲ್ಲಿ ಸಿಗುತ್ತದೆ ಎಂದು ಹಿಂದಿನ ದಿನವೇ ನೋಡಿಕೊಳ್ಳಿ. ವಿಡಿಯೊ ನಿಂತುಹೋದರೆ ಮಾತು ನಿಲ್ಲದಂತೆ ಇನ್ನೊಂದು ಸಾದಾ ಫೋನ್ ಪಕ್ಕದಲ್ಲಿರಲಿ.

ಕುರ್ಚಿಯ ಬಗ್ಗೆ ಎಚ್ಚರ. ನಮ್ಮ ಕಡೆ ನೆಲ ಫರಸಿಯದು. ನುಣುಪಾದ ಫರಸಿಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಿಂದಕ್ಕೆ ಜಾರುತ್ತದೆ. ಕುರ್ಚಿಯ ಬೆನ್ನನ್ನು ಗೋಡೆಗೆ ಆನಿಸಿ. ನೆಲ ಒರೆಸಿದ ಕೂಡಲೇ ವ್ಯಾಯಾಮ ಬೇಡ, ಕಾಲಿಗೆ ಸಾಕ್ಸ್ ಬೇಡ.

ಮೊದಲ ದಿನ ಪಕ್ಕದಲ್ಲಿ ಒಬ್ಬರು ಇರಲಿ. ತಮ್ಮನೋ, ಸೊಸೆಯೋ, ಶಾಲೆಗೆ ಹೋಗುವ ಮೊಮ್ಮಗಳೋ. ಮಕ್ಕಳು ಈ ಕೆಲಸವನ್ನು ದೊಡ್ಡವರಿಗಿಂತ ಚೆನ್ನಾಗಿ ಮಾಡುತ್ತಾರೆ, ಎಣಿಸುವುದನ್ನಂತೂ ಬಿಡುವುದೇ ಇಲ್ಲ.

ಸಾಮಾನ್ಯವಾಗಿ ಕಲಿಸುವ ಐದು ವ್ಯಾಯಾಮ

ಯಾರಿಗೆ ಯಾವುದು, ಎಷ್ಟು ಎಂಬುದನ್ನು ಫಿಸಿಯೋಥೆರಪಿಸ್ಟ್ ನಿರ್ಧರಿಸುತ್ತಾರೆ. ನಿಮಗೆ ಪರಿಚಯ ಇರಲಿ ಎಂದು ಇಲ್ಲಿ ಕೊಟ್ಟಿದ್ದೇವೆ.

1. ಟವೆಲ್ ಒತ್ತುವುದು: ಹೊರಸು ಅಥವಾ ಮಂಚದ ಮೇಲೆ ಕಾಲು ಚಾಚಿ, ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ ಇಟ್ಟು ಕೆಳಕ್ಕೆ ಒತ್ತಿ ಐದು ಎಣಿಸಿ ಬಿಡುವುದು. ಹತ್ತು ಸಲ.
2. ನೇರ ಕಾಲು ಎತ್ತುವುದು: ಮಲಗಿ, ಒಂದು ಕಾಲು ಮಡಚಿ, ಇನ್ನೊಂದನ್ನು ನೇರವಾಗಿಯೇ ಒಂದು ಗೇಣು ಎತ್ತಿ ಐದು ಎಣಿಸಿ ಇಳಿಸುವುದು.
3. ಕುರ್ಚಿಯಿಂದ ಎದ್ದು ಕೂರುವುದು: ಇದು ಎಲ್ಲಕ್ಕಿಂತ ಉಪಯೋಗದ್ದು. ಮೊದಮೊದಲು ಎರಡು ದಿಂಬು ಹಾಕಿ ಕುರ್ಚಿ ಎತ್ತರ ಮಾಡಿ. ಸುಲಭವಾದ ಹಾಗೆ ಒಂದೊಂದೇ ತೆಗೆಯಿರಿ.
4. ಹಿಮ್ಮಡಿ ಎತ್ತುವುದು: ಗೋಡೆ ಅಥವಾ ಬಾಗಿಲ ಚೌಕಟ್ಟು ಹಿಡಿದು ನಿಂತು ಹಿಮ್ಮಡಿ ಎತ್ತಿ ಇಳಿಸುವುದು.
5. ಪಕ್ಕಕ್ಕೆ ಕಾಲು ಎತ್ತುವುದು: ಆಸರೆ ಹಿಡಿದು ನಿಂತು ಒಂದೊಂದೇ ಕಾಲನ್ನು ಪಕ್ಕಕ್ಕೆ. ಸೊಂಟ ಗಟ್ಟಿಯಾದರೆ ಮೊಣಕಾಲು ಒಳಕ್ಕೆ ಬಾಗುವುದು ಕಡಿಮೆಯಾಗುತ್ತದೆ.

ಬಲ ಕೊಡುವ ವ್ಯಾಯಾಮ ವಾರಕ್ಕೆ ಮೂರು ದಿನ ಸಾಕು. ನಡಿಗೆ ದಿನವೂ, ಐದು ನಿಮಿಷದಿಂದ ಶುರು ಮಾಡಿದರೂ ಸರಿ. ಏಪ್ರಿಲ್, ಮೇ ಬಿಸಿಲು ನಮ್ಮ ಕಡೆ 40 ಡಿಗ್ರಿ ದಾಟುತ್ತದೆ, ಆಗ ಸೂರ್ಯ ಏರುವುದಕ್ಕೆ ಮುಂಚೆ ಮುಗಿಸಿ.

"ಮಾಡಿದ್ರ ಬ್ಯಾನಿ ಜಾಸ್ತಿ ಆಗ್ಲತ್ತದ" ಎಂದು ಮೊದಲ ವಾರವೇ ಅವ್ವ ಬಿಟ್ಟುಬಿಡುವ ಸಂಭವ ಹೆಚ್ಚು. ಅದಕ್ಕೊಂದು ಸುಲಭ ಅಳತೆ ಹೇಳಿಕೊಡಿ. ಸೊನ್ನೆಯಿಂದ ಹತ್ತರ ಅಳತೆಯಲ್ಲಿ ನೋವು ಎರಡರವರೆಗೆ ಇದ್ದರೆ ಧಾರಾಳವಾಗಿ ಮಾಡಬಹುದು. ಐದರವರೆಗೆ ತಡೆದುಕೊಂಡು ಮಾಡಬಹುದು. ಐದು ದಾಟಿದರೆ ಅಥವಾ ಮರುದಿನಕ್ಕೂ ನೋವು ಮೊದಲಿನ ಮಟ್ಟಕ್ಕೆ ಇಳಿಯದಿದ್ದರೆ ಸಂಖ್ಯೆ ಕಡಿಮೆ ಮಾಡಬೇಕು, ಪೂರ್ತಿ ಬಿಡಬಾರದು. ನೋವು ಬಂತೆಂದ ಮಾತ್ರಕ್ಕೆ ಕೀಲು ಹಾಳಾಗುತ್ತಿದೆ ಎಂದಲ್ಲ. ಫಲ ಕಾಣಲು ಆರರಿಂದ ಹನ್ನೆರಡು ವಾರ ಬೇಕು.

ಮನೆ ಬದಲಾಗಲಿ, ಅವ್ವ ಅಲ್ಲ

ಒಲೆ ಕಟ್ಟೆಯ ಮೇಲೆ ಬರಲಿ, ರೊಟ್ಟಿ ನಿಂತು ಅಥವಾ ಎತ್ತರದ ಸ್ಟೂಲಿನ ಮೇಲೆ ಕೂತು ಬಡಿಯಲಿ. ಶೌಚಕ್ಕೆ ಕಮೋಡ್ ಕುರ್ಚಿ, ಹಿಡಿಯಲು ಗೋಡೆಗೊಂದು ಕಂಬಿ. ಪೂಜೆಗೆ ಎತ್ತರದ ಮಣೆ, ನಮಾಜಿಗೆ ಕುರ್ಚಿ. ಕಳೆ ತೆಗೆಯುವ ದಿನಗಳಲ್ಲಿ ಹೊಲಕ್ಕೆ ಹೋಗಲೇಬೇಕಾದರೆ ಉದ್ದ ಹಿಡಿಕೆಯ ಸಲಕರಣೆ, ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲುವುದು, ಆ ದಿನ ಕಾಲಿನ ವ್ಯಾಯಾಮಕ್ಕೆ ರಜೆ. ಇವನ್ನು ಫಿಸಿಯೋಥೆರಪಿಸ್ಟರಿಗೆ ಮೊದಲೇ ಹೇಳಿ. ಆಸ್ಪತ್ರೆಗೆ ಹೋದರೆ ಅವರಿಗೆ ಕಾಣದ ಅಡುಗೆಮನೆ, ಬಚ್ಚಲು, ಮೆಟ್ಟಿಲು ವಿಡಿಯೊ ಕಾಲ್‌ನಲ್ಲಿ ಕಾಣುತ್ತವೆ. ಆನ್‌ಲೈನ್ ಚಿಕಿತ್ಸೆಯ ನಿಜವಾದ ಲಾಭ ಇದು. ಫೋನ್ ಹಿಡಿದು ಮನೆಯೆಲ್ಲ ಒಮ್ಮೆ ತೋರಿಸಿ.

ತೂಕದ ಮಾತು ನಯವಾಗಿ ಎತ್ತಿ. 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದ ಪ್ರಕಾರ ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಜೋಳದ ರೊಟ್ಟಿ, ತೊಗರಿ ಬೇಳೆ, ಸೊಪ್ಪಿನ ಪಲ್ಯ ಬಿಡಬೇಕಾಗಿಲ್ಲ. ನೋಡಬೇಕಾದ್ದು ಎಣ್ಣೆ, ಸಕ್ಕರೆ ಮತ್ತು ದಿನಕ್ಕೆ ಎಷ್ಟು ಸಲ ಚಹಾ ಎಂಬುದನ್ನು.

ಮಾತ್ರೆ, ಸೂಜಿ, ಜಾಹೀರಾತು

ಹಚ್ಚುವ ನೋವುನಿವಾರಕ ಜೆಲ್ ಮೊದಲ ಆಯ್ಕೆ. ನುಂಗುವ ನೋವಿನ ಮಾತ್ರೆ ವೈದ್ಯರು ಹೇಳಿದಷ್ಟು ದಿನ ಮಾತ್ರ. ಮೆಡಿಕಲ್ ಅಂಗಡಿಯಿಂದ ವರ್ಷಗಟ್ಟಲೆ ತಂದು ನುಂಗಿದರೆ ಹೊಟ್ಟೆ ಹುಣ್ಣು, ಬಿಪಿ, ಕಿಡ್ನಿ ತೊಂದರೆ ಬರಬಹುದು. ಗ್ಲುಕೋಸಮೈನ್ ಕೊಡಬೇಡಿ ಎಂದು ಬ್ರಿಟನ್ನಿನ ಅದೇ 2022ರ ಮಾರ್ಗಸೂಚಿ ಹೇಳುತ್ತದೆ. ಹೆಸರಿಲ್ಲದ ಪುಡಿ ತಿಂದು ಎರಡೇ ದಿನದಲ್ಲಿ ನೋವು ಹೋಯಿತು ಎಂದರೆ ಖುಷಿಗಿಂತ ಅನುಮಾನ ಮೊದಲು ಬರಲಿ, ಅದರಲ್ಲಿ ಸ್ಟಿರಾಯ್ಡ್ ಇರಬಹುದು. "ಸವಕಳಿ ಮರಳಿ ತುಂಬುತ್ತೇವೆ" ಎನ್ನುವ ರೀಲ್ಸ್‌ಗಳನ್ನು ಅವ್ವನ ಫೋನಿಗೆ ಫಾರ್ವರ್ಡ್ ಮಾಡುವವರಲ್ಲಿ ನೀವು ಮೊದಲಿಗರಾಗಬೇಡಿ.

ವಿಡಿಯೊ ಕಾಲ್ ಸಾಲದು, ಕೂಡಲೇ ಆಸ್ಪತ್ರೆಗೆ

- ಮೊಣಕಾಲು ಕೆಂಪಾಗಿ, ಬಿಸಿಯಾಗಿ ಊದಿ ಜ್ವರ ಬಂದರೆ
- ಬಿದ್ದ ಮೇಲೆ ಕಾಲೂರಲು ಆಗದಿದ್ದರೆ
- ಮೊಣಕಾಲು ಸಿಕ್ಕಿಕೊಂಡ ಹಾಗಾಗಿ ಚಾಚಲು ಬಾರದಿದ್ದರೆ
- ಒಂದು ಕಾಲಿನ ಮೀನಖಂಡ ದಿಢೀರ್ ಊದಿ ನೋಯುತ್ತಿದ್ದರೆ
- ಕಾಲು ಜೋಮು ಹಿಡಿದು ಬಲ ಕಡಿಮೆಯಾದರೆ
- ಕಾರಣವಿಲ್ಲದೆ ತೂಕ ಇಳಿಯುತ್ತಾ ರಾತ್ರಿ ನಿದ್ದೆಗೆಡಿಸುವ ನೋವಿದ್ದರೆ

ಓದುಗರು ಪದೇ ಪದೇ ಕೇಳುವುದು

*ಆಪರೇಷನ್ ಹೇಳಿದ್ದಾರೆ. ಇನ್ನು ವ್ಯಾಯಾಮ ಯಾಕೆ?*
ಕೆಲವರಿಗೆ ಕೀಲು ಬದಲಾವಣೆ ನಿಜಕ್ಕೂ ಬೇಕು, ಅದನ್ನು ಹೆದರಿ ಮುಂದೂಡಬಾರದು. ಆದರೆ ಮೂರು ತಿಂಗಳು ಸರಿಯಾಗಿ ವ್ಯಾಯಾಮ ಮಾಡಿ ನೋಡದೆ ನಿರ್ಧರಿಸಿದ್ದರೆ ವೈದ್ಯರನ್ನು ಮತ್ತೊಮ್ಮೆ ಕೇಳಿ. ಆಪರೇಷನ್ ಆದರೂ ಗಟ್ಟಿ ತೊಡೆ ಮೊದಲೂ ಬೇಕು, ಆಮೇಲೂ ಬೇಕು.

*ಯೂಟ್ಯೂಬ್ ನೋಡಿ ಮಾಡಿದರೆ ಸಾಲದೇ?*
ಏನೂ ಮಾಡದಿರುವುದಕ್ಕಿಂತ ಮೇಲು. ಆದರೆ ಅವ್ವ ತಪ್ಪಾಗಿ ಎದ್ದರೆ ಯೂಟ್ಯೂಬ್ ಹೇಳುವುದಿಲ್ಲ. ಎರಡು ಮೂರು ಸಲವಾದರೂ ಫಿಸಿಯೋಥೆರಪಿಸ್ಟರ ಕಣ್ಣಮುಂದೆ ಮಾಡಿಸಿ.

*ಅಪ್ಪ ಯಾರ ಮಾತೂ ಕೇಳಲ್ಲ. ಏನು ಮಾಡೋದು?*
"ವ್ಯಾಯಾಮ ಮಾಡು" ಅನ್ನಬೇಡಿ. "ಮತ್ತೆ ಏನು ಮಾಡಬೇಕು ಅನಿಸ್ತದ?" ಎಂದು ಕೇಳಿ. ಖಣಿಯಲ್ಲಿ ಮೂವತ್ತು ವರ್ಷ ದುಡಿದವರಿಗೆ ಟವೆಲ್ ಒತ್ತುವುದು ಆಟದ ಹಾಗೆ ಕಾಣುತ್ತದೆ. "ಸಂತೆಗೆ ಒಬ್ಬನೇ ನಡ್ಕೊಂಡ್ ಹೋಗಬೇಕು" ಎಂದು ಅವರೇ ಹೇಳಿದರೆ, ವ್ಯಾಯಾಮ ಆ ಸಂತೆಯ ದಾರಿ ಆಗುತ್ತದೆ.

ಈ ವಾರ ನೀವು ಮಾಡಬಹುದಾದದ್ದು

ಒಂದೇ ಕೆಲಸ. ಕುರ್ಚಿಯನ್ನು ಗೋಡೆಗೆ ಆನಿಸಿ, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿ, ಅವ್ವನಿಗೆ ಕೈ ಎದೆಯ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರಲು ಆಗುತ್ತದೆ ಎಂದು ವಿಡಿಯೊ ಕಾಲ್‌ನಲ್ಲಿ ಎಣಿಸಿ. ಫಿಸಿಯೋಥೆರಪಿಸ್ಟರೂ ಬಳಸುವ ಪರೀಕ್ಷೆ ಇದು. ಕೈ ಊರದೆ ಏಳಲು ಆಗದಿದ್ದರೆ ಸೊನ್ನೆ ಎಂದೇ ಬರೆದುಕೊಳ್ಳಿ, ಒತ್ತಾಯ ಬೇಡ. ದಿನಾಂಕದ ಜೊತೆ ಆ ಸಂಖ್ಯೆಯನ್ನು ಫೋನಿನಲ್ಲಿ ಉಳಿಸಿ, ಫಿಸಿಯೋಥೆರಪಿಸ್ಟರಿಗೂ ಕಳಿಸಿ. ಹನ್ನೆರಡು ವಾರ ಬಿಟ್ಟು ಮತ್ತೆ ಎಣಿಸಿ. ನಾಲ್ಕು ಇದ್ದದ್ದು ಏಳು ಆದರೆ, ಆ ಮೂರನ್ನು ಗಳಿಸಿದ್ದು ಅವ್ವನ ಕಾಲು. ಅದನ್ನು ಅವಳಿಗೆ ಹೇಳಲು ಮರೆಯಬೇಡಿ.